ಎಡಗಡೆಯ ಸಿಂಹಾಸನ

"ಈ ಸಲ ಹುಣಸಮಾರನಹಳ್ಳಿಗೆ ಎಲ್ಲರಿಗಿಂತ ಮುಂಚೆ ಹೋಗೋನು ನಾನು! ಅದೂ ನನ್ನ ಕೈಯಾರೆ ಓಡಿಸ್ಕೊಂಡು!"

ಜಕ್ಕೂರಿನ ದ್ರಾಕ್ಷಿ ತೋಟದ ಯಜಮಾನರಾದ ಮುನಿಕೃಷ್ಣಪ್ಪನವರು ಹೀಗೆಂದು ಗುಡುಗಿದ್ದು ರಣರಂಗದಲ್ಲಲ್ಲ, ತಮ್ಮ ಮನೆಯ ಹಜಾರದಲ್ಲಿ, ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು. ಎದುರಿಗಿದ್ದ ಸೈನ್ಯವೆಂದರೆ ಹೆಂಡತಿ ವೆಂಕಟಲಕ್ಷ್ಮಮ್ಮ ಒಬ್ಬರೇ.

"ಮೊದ್ಲು ನುಂಗಿ. ಆಮೇಲೆ ಓಡಿಸೀರಂತೆ," ಎಂದಿತು ಸೈನ್ಯ.

ಈ ಶಪಥಕ್ಕೆ ಕಾರಣವಿತ್ತು. ಹುಣಸಮಾರನಹಳ್ಳಿಯ ಚಿಕ್ಕಬೈರಪ್ಪ ಇವರ ಷಡ್ಡಕ. ವೆಂಕಟಲಕ್ಷ್ಮಮ್ಮನ ತಂಗಿ ಪಟಾಲಮ್ಮನ ಗಂಡ. ಹಿಂದಿನ ವರ್ಷ ಅವನ ಮಗಳ ಮದುವೆಗೆ ಇವರು ಬಸ್ಸಿನಲ್ಲಿ ಹೊರಟು, ಬಸ್ಸು ಯಲಹಂಕದಲ್ಲಿ ಕೆಟ್ಟು ನಿಂತು, ಅಂತೂ ಇಂತೂ ತಲುಪಿದಾಗ ಅಲ್ಲಿ ಎಂಜಲೆಲೆ ಎತ್ತುತ್ತಿದ್ದರು. "ಬನ್ನಿ ಅಣ್ಣ, ನಿಮ್ಮನ್ನ ಕಾದೂ ಕಾದೂ ಗಂಡು-ಹೆಣ್ಣು ಮುದುಕರಾಗೋದ್ರು!" ಎಂದು ಚಿಕ್ಕಬೈರಪ್ಪ ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದ್ದ. ಚಪ್ಪರ ನಕ್ಕಿತ್ತು. ಆ ನಗು ವರ್ಷವಿಡೀ ಮುನಿಕೃಷ್ಣಪ್ಪನವರ ಕಿವಿಯಲ್ಲಿ ಸೊಳ್ಳೆಯಂತೆ ಗುಂಯ್‌ಗುಟ್ಟುತ್ತಿತ್ತು. ಈಗ ಅದೇ ಚಿಕ್ಕಬೈರಪ್ಪನ ಹೊಸ ಮನೆಯ ಗೃಹಪ್ರವೇಶ. ಹಿರಿಯಕ್ಕನೆಂದು ಹೊಸ ಒಲೆಯ ಮೇಲೆ ಹಾಲುಕ್ಕಿಸಬೇಕಾದವರು ವೆಂಕಟಲಕ್ಷ್ಮಮ್ಮ. ಅವತ್ತು ಆ ಚಪ್ಪರ ಎದ್ದು ನಿಲ್ಲಬೇಕು! ಬಿಟ್ಟ ಬಾಯಿ ಬಿಟ್ಟಂತೆ ನೋಡಬೇಕು!

ಅದಕ್ಕೇ ಜೀಪು.

ಯಶವಂತಪುರದ ದಸ್ತಗೀರ್ ಸಾಬರು ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪುಗಳನ್ನು ಸರಿಮಾಡಿ ಮಾರುತ್ತಿದ್ದರು. ಅವರ ಶೆಡ್ಡಿನ ಮೂಲೆಯಲ್ಲಿ ಹಸಿರು ಬಣ್ಣದ ಆ ಮೃಗ ಮಲಗಿತ್ತು. ಮಹಾಯುದ್ಧ ನೋಡಿ ಬಂದದ್ದಂತೆ. ಮುನಿಕೃಷ್ಣಪ್ಪನವರಿಗೆ ಕಂಡೊಡನೆ ಎದೆ ಝಲ್ಲೆಂದಿತು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟು ಆಗಿರಲಿಲ್ಲ.

"ಬೆಟ್ಟ ಹತ್ತುತ್ತೆ, ಹಳ್ಳ ಇಳಿಯುತ್ತೆ. ಕೆಸರಲ್ಲಿ ಆನೆ ಸಿಕ್ಕಾಕ್ಕೊಂಡ್ರೂ ಇದು ಸಿಕ್ಕಾಕ್ಕೊಳಲ್ಲ ಯಜಮಾನ್ರೇ," ಅಂದರು ದಸ್ತಗೀರ್.

"ಅದೇನೋ ಸರಿ ಸಾಬ್ರೇ, ಸ್ಟೇರಿಂಗ್ ಯಾಕೆ ಎಡಗಡೆ ಐತೆ?"

"ಅಮೆರಿಕಾದಲ್ಲಿ ಎಲ್ಲಾ ಹಂಗೇ. ಆ ಕಡೆ ಕೂತ್ರೇನು, ಈ ಕಡೆ ಕೂತ್ರೇನು? ಗಾಡಿ ಮುಂದಕ್ಕೇ ತಾನೇ ಹೋಗೋದು!"

ಇಂಥ ತರ್ಕದ ಮುಂದೆ ಯಾರು ತಾನೇ ನಿಂತಾರು? ಮೃಗ ಜಕ್ಕೂರಿಗೆ ಬಂತು.

ಜಕ್ಕೂರಿನಲ್ಲಿ ಹತ್ತಲು ಬೆಟ್ಟವಿರಲಿಲ್ಲ. ಹಾಗಾಗಿ ಮುನಿಕೃಷ್ಣಪ್ಪನವರು ಸಂಜೆ ಹೊತ್ತು ಜೀಪನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ಸುಮ್ಮನೆ ಸ್ಟೇರಿಂಗ್ ಹಿಡಿದು ಕೂರುತ್ತಿದ್ದರು. ನೀರಿನ ಮೇಲೆ ಬಿಸಿಲು ಕರಗುತ್ತಿತ್ತು. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಮನೆಗೆ ಮರಳುವ ದುಂಬಿಯಂತೆ ಝೇಂಕರಿಸುತ್ತ ಇಳಿಯುತ್ತಿತ್ತು. ಸ್ವಲ್ಪ ಅಲುಗಿದರೆ ಸೀಟಿನ ಕೆಳಗಿನ ಟ್ಯಾಂಕಿನಲ್ಲಿ ಪೆಟ್ರೋಲು ಬುಳುಕ್ ಬುಳುಕ್ ಎಂದು ಜೋಗುಳ ಹಾಡುತ್ತಿತ್ತು. ಅಷ್ಟಾದರೆ ಸಾಕು, ಕಣ್ಣು ತಾವಾಗಿ ಅರ್ಧ ಮುಚ್ಚುತ್ತಿದ್ದವು. ಜೀಪಿನ ನಾಲ್ಕು ಚಕ್ರವೂ ಮೆಲ್ಲಗೆ ನೆಲ ಬಿಡುತ್ತಿದ್ದವು. ಕೆರೆ ಸಣ್ಣದಾಗಿ, ತೋಟ ಇನ್ನೂ ಸಣ್ಣದಾಗಿ, ಜೀಪು ಹಿಮಾಲಯದ ಮೇಲೆ ಮೋಡ ಸೀಳುತ್ತ ಏರುತ್ತಿತ್ತು. ಇಕ್ಕೆಲದಲ್ಲೂ ಸಿಪಾಯಿಗಳ ಸೆಲ್ಯೂಟು. ಪಕ್ಕದ ಸೀಟು ಖಾಲಿ. ವೀರರು ಯಾವಾಗಲೂ ಒಂಟಿ ತಾನೇ!

ಆದರೆ ಆ ಜೀಪನ್ನು ಕಟ್ಟಿದ ಪುಣ್ಯಾತ್ಮರಿಗೆ ಕನಸು ಕಾಣುವವರನ್ನು ಕಂಡರೆ ಅದೇನೋ ಹಳೆಯ ಸಿಟ್ಟಿದ್ದಿರಬೇಕು. ಜೋಗುಳ ಹಾಡಿದ ಅದೇ ಟ್ಯಾಂಕಿಗೆ ಪೆಟ್ರೋಲು ಹಾಕಿಸಬೇಕೆಂದರೆ ಡ್ರೈವರನೇ ಎದ್ದು ಹೋಗಬೇಕು! ಬಂಕಿನವನು "ಏಳಿ ಸ್ವಾಮಿ" ಎಂದೊಡನೆ ಯಜಮಾನರು ಸಿಂಹಾಸನದಿಂದ ಇಳಿದು, ಸೀಟಿನ ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ನೆಂಟರ ಮನೆಯಲ್ಲಿ ಜಾಗ ಸಿಗದವರಂತೆ ರಸ್ತೆ ಬದಿ ನಿಲ್ಲುವರು. ಪಕ್ಕದ ಸೀಟಿನಲ್ಲಿ ವೆಂಕಟಲಕ್ಷ್ಮಮ್ಮ ಮಾತ್ರ ಅಲ್ಲಾಡದೆ ಕೂತಿರುವರು. ಇನ್ನು ಕ್ಯಾನ್ವಾಸಿನ ಮೇಲ್ಛಾವಣಿ. ಮಳೆ ಬಂದರೆ ಅದು ತೊಟ್ಟಿಲಂತೆ ಜಗ್ಗಿ ನೀರು ತುಂಬಿಕೊಂಡು, ಒಂದು ಹನಿಯನ್ನೂ ಸೋರಿಸದೆ, ಗಕ್ಕನೆ ಬ್ರೇಕ್ ಹಾಕುವ ಆ ಒಂದು ಗಳಿಗೆಗಾಗಿ ಕಾಯುತ್ತಿತ್ತು. ಆಗ ಅಷ್ಟೂ ನೀರು ಡ್ರೈವರನ ಕತ್ತಿನ ಮೇಲೇ! ಎಡಗಡೆಯ ಬಾಗಿಲೂ ಕ್ಯಾನ್ವಾಸಿನದೇ. ಅದರ ಚಿಲಕ ಹೊರಗೆ. ಒಳಗಿದ್ದವನು ಇಳಿಯಬೇಕಾದರೆ ಒಂದು ಸೀಳಿನಲ್ಲಿ ಮೊಳಕೈವರೆಗೆ ತೂರಿಸಿ, ಕರು ಹಾಕುತ್ತಿರುವ ಹಸುವಿಗೆ ನೆರವಾಗುವವನ ಭಂಗಿಯಲ್ಲಿ ತಡಕಾಡಬೇಕು. ಬಲಗಡೆಗೆ ಆ ಕಷ್ಟವಿಲ್ಲ. ಆ ಬಾಗಿಲು ಯಾವುದೋ ಯುದ್ಧದಲ್ಲಿ ವೀರಮರಣ ಹೊಂದಿತ್ತು.

ಇವೆಲ್ಲವನ್ನೂ ಮುನಿಕೃಷ್ಣಪ್ಪನವರು ಸಹಿಸಿಕೊಂಡಾರು. ಸಹಿಸಲಾಗದ್ದು ಒಂದೇ. ಎಡಗಡೆ ಕೂತವನಿಗೆ ಮುಂದಿನ ಲಾರಿಯ ಹಿಂಭಾಗ ಮತ್ತು ಹುಣಸೆಮರಗಳ ಹೊರತು ಪ್ರಪಂಚದಲ್ಲಿ ಬೇರೇನೂ ಕಾಣುವುದಿಲ್ಲ! ದಾಟಿ ಹೋಗಬೇಕೆಂದರೆ, "ದಾರಿ ಐತೇನೇ?" ಎಂದು ಕೇಳಬೇಕು. ಆಗ ಬಲಗಡೆಯ ವೆಂಕಟಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, ತಲೆ ಹೊರಗೆ ಹಾಕಿ, ನಿಧಾನವಾಗಿ ನೋಡಿ, "ಊಂ, ಓಗಿ" ಎಂದು ಅಪ್ಪಣೆ ಕೊಡಬೇಕು. ಬಲಕ್ಕೆ ತಿರುಗುವಾಗ ಕೈ ಚಾಚುವವರೂ ಅವರೇ. ಒಮ್ಮೆ ಕೋಗಿಲು ಹತ್ತಿರ ಹೂ ಮಾರುವ ಸುಗ್ರಾಬಿ ಕಂಡಳೆಂದು ಆಕೆ ಕೈ ಬೀಸಿದರು. ಹಿಂದಿನ ಬಸ್ಸು ತನಗೇ ಸನ್ನೆಯೆಂದುಕೊಂಡು ಗಕ್ಕನೆ ನಿಂತಿತು. ಕಂಡಕ್ಟರು ಓಡಿ ಬಂದ. ನಮ್ಮ ದೇಶದಲ್ಲಿ ಬಲಗಡೆ ಕೂತವರೇ ಡ್ರೈವರು ತಾನೇ? ಅವನು ನೇರ ಆಕೆಯ ಹತ್ತಿರ ಬಂದು, "ಯಾಕಮ್ಮಾ ನಿಲ್ಸಿದ್ರಿ? ಲೈಸನ್ಸ್ ಐತಾ?" ಎಂದ. ಲೈಸನ್ಸ್ ಜೇಬಿನಲ್ಲಿದ್ದ ಮನುಷ್ಯನತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಗೃಹಪ್ರವೇಶದ ಶುಕ್ರವಾರ ಬಂತು. ರಾತ್ರಿ ಒಳ್ಳೆಯ ಮಳೆಯಾಗಿ ಬೆಳಗು ತೊಳೆದಿಟ್ಟಂತಿತ್ತು. ಮುನಿಕೃಷ್ಣಪ್ಪನವರು ರೇಷ್ಮೆ ಅಂಗಿ ತೊಟ್ಟು, ಮೀಸೆಗೆ ಎಣ್ಣೆ ಸವರಿ ಜೀಪಿನ ಬಳಿ ಬಂದರೆ, ಬೇಲಿಯಾಚೆಯಿಂದ ಪಕ್ಕದ ತೋಟದ ಪಂಚಪ್ಪ ಕೂಗಿದ:

"ಏನಣ್ಣೋ, ಅಮ್ಮಾವ್ರು ಓಡಿಸ್ತಾರೆ ಅಂದ್ರೆ ಬಲೇ ಚೆಂದಾಗಿ ಓಡಿಸ್ತಾರೆ ಬಿಡು! ಕೈ ತೋರ್ಸೋದು ನೋಡ್ಬೇಕು!"

ಮುನಿಕೃಷ್ಣಪ್ಪನವರ ಮೀಸೆ ನಡುಗಿತು. "ಓಡಿಸೋನು ನಾನು ಕಣೋ! ಇವಳು ಬರೀ ಲಗೇಜು!"

ಲಗೇಜು ಆಗ ತಾನೇ ಹಣ್ಣಿನ ಬುಟ್ಟಿ ಹಿಡಿದು ಹಿಂದೆ ಬಂದು ನಿಂತಿತ್ತು. ಹತ್ತಿ ಕೂತು, ಬುಟ್ಟಿಯನ್ನು ತೊಡೆಯ ಮೇಲಿಟ್ಟು, ಎರಡು ಕೈಯನ್ನೂ ಬುಟ್ಟಿಯ ಮೇಲೆ ಮಡಿಸಿಟ್ಟಿತು.

ಯಲಹಂಕದವರೆಗೆ ಎಲ್ಲ ಸುಸೂತ್ರ. ಊರು ದಾಟಿ ಬಳ್ಳಾರಿ ರಸ್ತೆಗೆ ಬಿದ್ದರೆ, ಮುಂದೆ ಒಂದು ಹುಲ್ಲಿನ ಗಾಡಿ. ಗಾಡಿಯೆಂದರೆ ಗಾಡಿಯೇ? ರಸ್ತೆಯ ಅರ್ಧ ಅಗಲ, ಮರದ ಎತ್ತರ! ಎತ್ತುಗಳೆಲ್ಲಿವೆ, ಗಾಡಿಯವನೆಲ್ಲಿದ್ದಾನೆ, ಒಂದೂ ಕಾಣದು. ಬೆಟ್ಟ ಹತ್ತುವ ಜೀಪಿನ ಮುಂದೆ ಬೆಟ್ಟವೇ ನಡೆದು ಹೋಗುತ್ತಿತ್ತು.

ಮುನಿಕೃಷ್ಣಪ್ಪನವರು ಕೆಮ್ಮಿದರು. ಬಲಗಡೆಯ ಕೈಗಳು ಬುಟ್ಟಿ ಬಿಟ್ಟು ಏಳಲಿಲ್ಲ. ಹಾರನ್ ಒತ್ತಿದರು. ಹುಲ್ಲಿಗೆ ಕಿವಿಯಿರಲಿಲ್ಲ. ಮೊದಲನೇ ಗೇರಿನಲ್ಲಿ, ಎತ್ತಿನ ಹೆಜ್ಜೆಗೆ ತಾಳ ಹಾಕುತ್ತ ಜೀಪು ಉರುಳಿತು. ಸ್ಕೂಟರುಗಳು ದಾಟಿ ಹೋದವು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಪಕ್ಕಕ್ಕೆ ಬಂತು. ಸವಾರ ಬಗ್ಗಿ ವೆಂಕಟಲಕ್ಷ್ಮಮ್ಮನನ್ನು ಕೇಳಿದ: "ಯಾಕಕ್ಕಾ, ಗಾಡಿ ಎಳೀತಿಲ್ವಾ?"

"ಡ್ರೈವರ್‌ನ ಕೇಳಪ್ಪ."

"ಯಾವ ಡ್ರೈವರು?" ಎಂದು ಅವನು ಹಿಂದಿನ ಸೀಟನ್ನೆಲ್ಲ ಇಣುಕಿ ನೋಡಿ, ತಲೆ ಕೆರೆದುಕೊಂಡು ಮುಂದೆ ಹೋದ.

ರಾಹುಕಾಲ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಒಂದು ಬಸ್ಸು ದಾಟಿತು. ಅದರ ಕಿಟಕಿಗಳ ತುಂಬ ಚಿಕ್ಕಬೈರಪ್ಪನ ಕಡೆಯ ನೆಂಟರು, ಹಲ್ಲು ಕಿರಿದು ಕೈ ಬೀಸುತ್ತಿದ್ದರು. ಹೋಯಿತು! ಮತ್ತೆ ಎಂಜಲೆಲೆ! ಮತ್ತೆ ಆ ಚಪ್ಪರ! ಮುನಿಕೃಷ್ಣಪ್ಪನವರು ಹಲ್ಲು ಕಚ್ಚಿ, ದೇವರ ಮೇಲೆ ಭಾರ ಹಾಕಿ, ಜೀಪನ್ನು ಬಲಕ್ಕೆ ಎಳೆದರು. ಎದುರಿಗೆ ಲಾರಿ! ಅದು ಹಾಕಿದ ಹಾರನ್ನಿಗೆ ಮರದ ಕಾಗೆಗಳೆಲ್ಲ ಎದ್ದವು. ಜೀಪು ಮತ್ತೆ ಎಡಕ್ಕೆ ಹೊಕ್ಕಿತು, ಬ್ರೇಕು ಕಿರುಚಿತು, ರಾತ್ರಿಯಿಂದ ಕಾದಿದ್ದ ಮೇಲ್ಛಾವಣಿಗೆ ಆ ಶುಭ ಗಳಿಗೆ ಕೂಡಿ ಬಂತು. ದಬದಬದಬ! ರೇಷ್ಮೆ ಅಂಗಿ ಮೈಗಂಟಿತು. ಎಣ್ಣೆ ಮೀಸೆಯ ತುದಿಯಿಂದ ನೀರು ತೊಟ್ಟಿಕ್ಕಿತು. ವೆಂಕಟಲಕ್ಷ್ಮಮ್ಮನ ಮೇಲೆ ಒಂದು ಹನಿ? ಊಹೂಂ.

ಗಾಡಿಯಿಂದ ಉದುರಿದ ಹುಲ್ಲಿನೆಸಳುಗಳು ಬಿಸಿಲಲ್ಲಿ ಹೊಂಬಣ್ಣಕ್ಕೆ ತಿರುಗಿ, ಯಾವುದಕ್ಕೂ ಅವಸರವಿಲ್ಲದವರಂತೆ ತೇಲಿ ಬಂದು ಒದ್ದೆ ಅಂಗಿಗೆ ಅಂಟಿಕೊಂಡವು.

"ಲೇ... ದಾರಿ ಐತೇನೇ?"

ವೆಂಕಟಲಕ್ಷ್ಮಮ್ಮ ಬುಟ್ಟಿಯ ಹಣ್ಣುಗಳನ್ನು ಒಂದೊಂದಾಗಿ ಸರಿಮಾಡಿಟ್ಟರು.

"ವೆಂಕಟಲಕ್ಷ್ಮೀ..."

"ಲಗೇಜಿಗೆ ಕಣ್ಣಿರುತ್ತಾ?"

"ಇರುತ್ತೆ ಕಣೇ. ಬಾಯಿ ತಪ್ಪಿ ಅಂದುಬಿಟ್ಟೆ. ಹಾಲು ಕಾಯ್ತಾ ಇರುತ್ತಲ್ಲೇ!"

"ನಾನ್ ಬರ್ದೆ ಹಾಲು ಒಲೆ ಮೇಲೆ ಏರಲ್ಲ. ನನಗೇನ್ ಅವಸ್ರ? ಈ ಗಾಡಿ ಓಡಿಸೋರು ಯಾರು, ಅದನ್ನ ಏಳಿ."

ಹಿಮಾಲಯದ ವೀರರು ಹುಲ್ಲಿನ ಬೆಟ್ಟ ನೋಡಿದರು, ಒದ್ದೆ ಅಂಗಿ ನೋಡಿದರು. "ಇಬ್ಬರೂ," ಎಂದರು.

"ಇಬ್ಬರೂ ಅಂದ್ರೆ?"

"ಓಡಿಸೋದು ನೀನು. ನಾನು ಸುಮ್ನೆ... ತಿರುಗಿಸ್ತೀನಿ."

ವೆಂಕಟಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು. ತಲೆ ಹೊರಗೆ ಹಾಕಿದರು. ಬರುತ್ತಿದ್ದ ಇನ್ನೊಂದು ಲಾರಿಯನ್ನು ಸಮಾಧಾನವಾಗಿ ಕಳಿಸಿಕೊಟ್ಟರು. "ಊಂ, ಓಗಿ!"

ಜೀಪು ಹಾರಿತು! ಹುಲ್ಲಿನ ಬೆಟ್ಟ ಹಿಂದಕ್ಕೆ ಸರಿಯಿತು, ಹಾಲಿನ ಸೈಕಲ್ಲು ಸರಿಯಿತು. ಮುಂದಿನ ನಿಲ್ದಾಣದಲ್ಲಿ ಜನ ಇಳಿಸುತ್ತಿದ್ದ ನೆಂಟರ ಬಸ್ಸನ್ನೂ, "ಓಗಿ ಓಗಿ!" ಎಂಬ ರಣಘೋಷದೊಂದಿಗೆ ದಾಟಿಯಾಯಿತು. ಹುಣಸಮಾರನಹಳ್ಳಿಯ ಚಪ್ಪರ ಕಂಡೊಡನೆ ವೆಂಕಟಲಕ್ಷ್ಮಮ್ಮ ವೇಗ ಕಡಿಮೆಯಾಗುತ್ತಿದೆ ಎಂಬ ಸನ್ನೆಗಾಗಿ ಬಲಗೈ ಹೊರಚಾಚಿ ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡಿಸಿದರು. ಚಪ್ಪರದವರಿಗೆ ಅದು ಮಹಾರಾಣಿ ಪ್ರಜೆಗಳನ್ನು ಹರಸಿದಂತೆ ಕಂಡಿತು. ವಾಲಗದವರು ತಾವಾಗಿಯೇ ಊದಲು ಶುರುಮಾಡಿದರು.

"ಅಯ್ಯೋ, ನಮ್ಮಕ್ಕ ಜೀಪ್ ಓಡಿಸ್ಕೊಂಡ್ ಬಂದವ್ಳೆ!" ಎಂದು ಪಟಾಲಮ್ಮ ಕೂಗಿದಳು.

ಚಪ್ಪರ ಎದ್ದು ನಿಂತಿತು. ಬಿಟ್ಟ ಬಾಯಿ ಬಿಟ್ಟಂತೆ ನೋಡಿತು. ವರ್ಷವಿಡೀ ಮುನಿಕೃಷ್ಣಪ್ಪನವರು ಕಂಡ ಕನಸು ಅಕ್ಷರಶಃ ನಿಜವಾಯಿತು, ಬಲಗಡೆಯಲ್ಲಿ! ಎಡಗಡೆಯಲ್ಲಿ ಅವರು ಕ್ಯಾನ್ವಾಸಿನ ಸೀಳಿನಲ್ಲಿ ಮೊಳಕೈ ಸಿಕ್ಕಿಸಿಕೊಂಡು ಚಿಲಕಕ್ಕಾಗಿ ತಡಕಾಡುತ್ತಿದ್ದರು. ಆ ಹೊತ್ತಿಗೆ ವೆಂಕಟಲಕ್ಷ್ಮಮ್ಮನನ್ನು ಹೆಂಗಸರು ಕೈಹಿಡಿದು ಇಳಿಸಿ, ಆರತಿ ಎತ್ತಿ, ಹೊಸ್ತಿಲವರೆಗೆ ಕರೆದೊಯ್ದಾಗಿತ್ತು.

"ಅಕ್ಕಾ, ಅಣ್ಣ ಎಲ್ಲಿ? ಬರ್ಲಿಲ್ವಾ?" ಎಂದ ಚಿಕ್ಕಬೈರಪ್ಪ.

ಆಕೆ ತಿರುಗಿ ನೋಡದೆ ಅಂದರು: "ಲಗೇಜು ಎಡಗಡೆ ಐತೆ. ನಿಧಾನಕ್ಕೆ ಇಳಿಸ್ಕಳಪ್ಪ, ನೆಂದೋಗೈತೆ."

ಹಾಲು ಉಕ್ಕಿತು. ಊಟವಾಯಿತು. ಹೋಳಿಗೆಯ ಭಾರಕ್ಕೆ ಹೊಸ ಮನೆಯ ಹಜಾರದ ತುಂಬ ನೆಂಟರು ಚಾಪೆ ಹಾಸಿ ಉರುಳಿದರು. ಚಿಕ್ಕಬೈರಪ್ಪನ ಪಂಚೆ, ಚಿಕ್ಕಬೈರಪ್ಪನ ಅಂಗಿ ತೊಟ್ಟ ಮುನಿಕೃಷ್ಣಪ್ಪನವರಿಗೂ ಕಣ್ಣು ಅರ್ಧ ಮುಚ್ಚಿತು. ಹೊಸ ಸುಣ್ಣದ ವಾಸನೆ ತಣ್ಣಗೆ ಹಿಮವಾಯಿತು. ಜೀಪು ನೆಲ ಬಿಟ್ಟಿತು. ಅದೇ ಮೋಡಗಳು, ಅದೇ ಸೆಲ್ಯೂಟು. ಇದ್ದಕ್ಕಿದ್ದಂತೆ ಎದುರಿಗೆ ಹಿಮಾಲಯದ ಶಿಖರವೇ ಅಡ್ಡ ಬಂತು, ತುದಿಯವರೆಗೆ ಹುಲ್ಲು ಹೇರಿಕೊಂಡು! ವೀರರು ಗಾಬರಿಯಿಂದ ಪಕ್ಕದ ಖಾಲಿ ಸೀಟಿನತ್ತ ತಿರುಗಿ, ಇಡೀ ಹಜಾರಕ್ಕೆ ಕೇಳುವಂತೆ ಕನವರಿಸಿದರು:

"ಲೇ, ದಾರಿ ಐತೇನೇ?"

ಮಲಗಿದ್ದ ನೆಂಟರೆಲ್ಲ ತಲೆಯೆತ್ತಿದರು. ಗೋಡೆಗೊರಗಿ ಎಲೆಗೆ ಸುಣ್ಣ ಸವರುತ್ತಿದ್ದ ವೆಂಕಟಲಕ್ಷ್ಮಮ್ಮ ಕಣ್ಣೆತ್ತದೆ ಅಂದರು:

"ಇನ್ನೂ ಇಲ್ಲ. ನಾನ್ ಓಗಿ ಅನ್ನೋಗಂಟ ಅಲ್ಲೇ ಇರಿ."

ಮುನಿಕೃಷ್ಣಪ್ಪನವರು ನಿದ್ದೆಯಲ್ಲೇ ಬಲಗಾಲು ಚಾಚಿ, ಬ್ರೇಕ್ ಒತ್ತಿದರು.