ಚಪ್ಪಲಿ ಬಿಚ್ಚಿ ಕಲಿತ ತುಳು

ನಮ್ಮ ಮಾವನ ಪ್ರಕಾರ ಮಾತು ಹೊರಡುವುದು ನಾಲಗೆಯಿಂದಲ್ಲ, ಅಂಗಾಲಿನಿಂದ. ನಗಬೇಡಿ. ಮೊದಲು ನಾನೂ ನಕ್ಕವಳೇ. ಆಮೇಲೆ ಒಂದು ತಿಂಗಳು ಪುತ್ತಿಗೆಯ ಗದ್ದೆಯ ಕೆಸರಿನಲ್ಲಿ ನಿಂತು ಅನುಭವಿಸಿದೆ.

ಮಾವ ಎಂದರೆ ನನ್ನ ಗಂಡನ ಸೋದರಮಾವ. ನಾನು ಮೈಸೂರಿನವಳು, ಗಂಡನ ಮನೆಯ ಮಾತು ತುಳು. ನನ್ನ ಅತ್ತೆ, ಅಂದರೆ ಮಾವನ ಅಕ್ಕ, ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ತೀರಿಹೋದವರಿಗೆ ಆಟಿ ತಿಂಗಳಲ್ಲಿ, ಅಂದರೆ ಮಳೆಗಾಲದ ನಡುವೆ, ಎಲೆ ಹಾಕಿ ಬಡಿಸಿ, ಮನೆಯವರೊಬ್ಬರು ಬಾಯಿಬಿಟ್ಟು ಊಟಕ್ಕೆ ಕರೆಯುವುದು ನಮ್ಮ ಮನೆಯ ಪದ್ಧತಿ. ಈ ಸಲ ಅತ್ತೆಯನ್ನು ಕರೆಯುವ ಸರದಿ ನನ್ನದೆಂದು ತೀರ್ಮಾನವಾಯಿತು.

"ಕನ್ನಡದಲ್ಲಿ ಕರೆದ್ರೆ ಆಗಲ್ವಾ ಮಾವ?" ಎಂದೆ.

"ಅಕ್ಕನಿಗೆ ಕನ್ನಡ ಬರ್ತಿರಲಿಲ್ಲ. ಸತ್ತ ಮೇಲೆ ಕಲ್ತಿರ್ಲಿಕ್ಕೂ ಇಲ್ಲ. ಅವಳು ಹಸಿದುಕೊಂಡು ಹೋದರೆ ಯಾರು ಜವಾಬ್ದಾರಿ?"

ಕಲಿಯಬೇಕಾದದ್ದು ಮೂರೇ ಮೂರು ಪದ: "ಮಾಮಿ, ಒಣಸ್‌ಗ್ ಬಲೆ." ಅತ್ತೆ, ಊಟಕ್ಕೆ ಬನ್ನಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಒಂದೇ ಸಂಜೆಯಲ್ಲಿ ಮುಗಿಸುವ ಹುಮ್ಮಸ್ಸಿನಲ್ಲಿದ್ದೆ. ಮಾವ ಫೋನು ಕಿತ್ತುಕೊಂಡು ಅಕ್ಕಿ ಡಬ್ಬಿಯೊಳಗೆ ಇಟ್ಟರು.

"ಚಪ್ಪಲಿ ಬಿಚ್ಚು ಮಾರಾಯ್ತಿ. ಗದ್ದೆಗೆ ಹೋಗುವ."

ಆ "ಒಣಸ್‌ಗ್" ಎಂಬುದರ ಕೊನೆಗೆ ಒಂದು ಸ್ವರವಿದೆ. ಇದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ. ನಾನು ಹೇಳಿದರೆ ಒಂದೋ ಪೂರ್ತಿ "ಗು" ಆಗುತ್ತಿತ್ತು, ಇಲ್ಲವೇ ಮಾಯವಾಗುತ್ತಿತ್ತು.

"ಕೆಸರಿಗೆ ಕಾಲಿಡು. ಪೂರ್ತಿ ಊರಬೇಡ, ಅರ್ಧಕ್ಕೇ ಎತ್ತು. ಹಾಂ, ಅಷ್ಟೇ ಉಂಟು ಅದು."

ಅರ್ಧಕ್ಕೇ ಎತ್ತಲು ಹೋಗಿ ನಾನು ಪೂರ್ತಿ ಕೂತುಬಿಟ್ಟೆ. ಮಾವ ಕೈ ಕೊಡಲಿಲ್ಲ. "ಈಗ ಹೇಳು" ಎಂದರು. ಏನಾಶ್ಚರ್ಯ, ಆ ಹಾಳು ಸ್ವರ ಆಗ ಬಂತು! ಮರುದಿನ ಮೂಡುಬಿದಿರೆಯ ಪೇಟೆಯಲ್ಲಿ ಜಂಬದಿಂದ ಹೇಳಿ ತೋರಿಸಿದೆ. ಡಾಂಬರಿನ ಮೇಲೆ ನಿಂತು ಆಡಿದ್ದು ಲೆಕ್ಕಕ್ಕಿಲ್ಲವೆಂದು ಮಾವ ತೀರ್ಪು ಕೊಟ್ಟರು.

ಅಷ್ಟಕ್ಕೇ ಮುಗಿಯಲಿಲ್ಲ. ದನಿ ಗದ್ದೆ ದಾಟಬೇಕಂತೆ! ಅವರು ಆಚೆ ಬದುವಿನಲ್ಲಿ, ನಾನು ಈಚೆ ಬದುವಿನಲ್ಲಿ. "ಬಲೆ"ಯನ್ನು ಹೇಗೆ ಎಳೆಯಬೇಕು, ಎಲ್ಲಿ ಇಳಿಸಬೇಕು ಎಂದು ಕೈಯೆತ್ತಿ ತೋರಿಸುತ್ತಿದ್ದರು. ಸರಿಯಾಗಿ ಬಂದ ದಿನ ತಾವೇ ಗದ್ದೆ ದಾಟಿ ಬರುವುದಾಗಿ ಹೇಳಿದ್ದರು. ಬರಲೇ ಇಲ್ಲ. ಪಕ್ಕದ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಿದ್ದ ನಾಲ್ವರು ಹೆಂಗಸರು ಮಾತ್ರ ಕೈಕಾಲು ತೊಳೆದುಕೊಂಡು ಬಂದು ನಮ್ಮ ಜಗಲಿಯಲ್ಲಿ ಕುಳಿತರು. ಕರೆದ ಮೇಲೆ ಬಡಿಸದಿರಲಾದೀತೇ? ಮತ್ತೆ ಅನ್ನಕ್ಕೆ ಇಟ್ಟೆ.

"ಅವರಿಗೆಲ್ಲ ಅರ್ಥ ಆಯ್ತಲ್ಲ ಮಾವ, ಇನ್ನೇನು ಬೇಕು ನಿಮಗೆ?"

"ಅವರಿಗೆ ಹಸಿವಾಗಿತ್ತು. ಅಕ್ಕ ಹಾಗಲ್ಲ, ಸರಿಯಾಗಿ ಕರೆಯದಿದ್ರೆ ಬರುವವಳಲ್ಲ."

ಎಲೆ ಹಾಕುವ ದಿನ ಬಂತು. ಒಳಗೆ ಕುಚ್ಚಲಕ್ಕಿ ಅನ್ನ, ಕೋಳಿ ಸಾರು ಬಡಿಸಿಯಾಯಿತು. ಮಾವ ಎಲ್ಲರ ಹಿಂದೆ, ಅಂಗಳದ ಅಂಚಿನ ಕಲ್ಲಿನ ಮೇಲೆ ಕುಳಿತಿದ್ದರು. ನಾನು ನೋಡಿಯೇ ಇರದ ಆ ಹೆಂಗಸನ್ನು ಬರಿಗಾಲಲ್ಲಿ ನಿಂತು, ಗದ್ದೆ ದಾಟುವ ಹಾಗೆ ಕರೆದೆ.

"ಮಾಮೀ, ಒಣಸ್‌ಗ್ ಬಲೇ..."

"ಬತ್ತೆ ಅಕ್ಕಾ."

ಬಂದೆ ಅಕ್ಕಾ. ಹೇಳಿದ್ದು ಮಾವ. ಹೇಳಿದ್ದು ಅವರಿಗೇ ತಿಳಿದಿರಲಿಲ್ಲ. ಎದ್ದು, ಕೈ ತೊಳೆಯಲು ಬಾವಿಕಟ್ಟೆಯ ಕಡೆಗೆ ಎರಡು ಹೆಜ್ಜೆ ಇಟ್ಟವರು ಅಲ್ಲೇ ನಿಂತುಬಿಟ್ಟರು.

ಒಂದು ತಿಂಗಳು ನನ್ನ ಬಾಯಲ್ಲಿ ಅವರು ಹುಡುಕುತ್ತಿದ್ದದ್ದು ಗದ್ದೆಯಾಚೆಯಿಂದ ತಮ್ಮನನ್ನು ಊಟಕ್ಕೆ ಕರೆಯುತ್ತಿದ್ದ ಅಕ್ಕನ ದನಿಯನ್ನೆಂದು ನನಗೆ ಹೊಳೆದದ್ದು ಆಗಲೇ. ಓಡಿಹೋಗಿ ಅವರ ಕೈ ಹಿಡಿದುಕೊಂಡೆ. ಇಬ್ಬರೂ ಅತ್ತೆವು.