ಹನ್ನೊಂದು ಪಂಚಮಿಯ ಡಬ್ಬಿ

ಸಕ್ರವ್ವನಿಗೆ ಕ್ಷಮಿಸುವ ಗುಣವಿಲ್ಲ. ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ ಮೂವತ್ತು ವರ್ಷದಿಂದ ಖಾನಾವಳಿ ನಡೆಸುತ್ತಿರುವ ಈ ಹೆಂಗಸು ಊಟ ಅರ್ಧಕ್ಕೆ ಬಿಟ್ಟೆದ್ದ ಗಿರಾಕಿಯ ಮುಖವನ್ನು ಮರೆಯುವುದಿಲ್ಲ; ಮನೆಯಿಂದ ಹೊರಗೆ ಹೋದ ಪಾತ್ರೆಯನ್ನಂತೂ ಮರೆಯುವುದೇ ಇಲ್ಲ. ಇಂಥವಳನ್ನು ಎರಡು ದಿನ ತಿಂದುಂಡು ಬರೋಣವೆಂದು ಬೆಂಗಳೂರಿಗೆ ಕರೆತಂದದ್ದು ಗೆಳತಿ ಮಾಬುಬಿಯ ತಪ್ಪು. ಸೀರೆ ಅಂಗಡಿ ನಡೆಸಿ ನೂರಾರು ತಕರಾರಿನ ಗಿರಾಕಿಗಳನ್ನು ಸುಧಾರಿಸಿದ ಮಾಬುಬಿ, ಶನಿವಾರ ಮಧ್ಯಾಹ್ನದ ಹೊತ್ತಿಗೇ ಆ ತಪ್ಪನ್ನು ಮನಸ್ಸಿನಲ್ಲಿ ಒಪ್ಪಿಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಹತ್ತೂವರೆ ಗಂಟೆ. ಅರ್ಧ ತಾಸು ಸರದಿಯಲ್ಲಿ ನಿಂತು ಒಳಗೆ ಕೂತ ದೋಸೆ ಹೋಟೆಲಿನಲ್ಲಿ ಜಗಳ ನಡೆದಿತ್ತು.

ಮಾಬುಬಿ: ಚಲೋ ಐತಿ ಅಂತ ಒಂದ ಮಾತ ಅನ್ನು. ಅಷ್ಟಕ್ಕ ನಿನ್ನ ಖಾನಾವಳಿ ಏನ್ ಮುಚ್ಚಿ ಹೋಗೂದಿಲ್ಲ.

ಸಕ್ರವ್ವ: ಇಷ್ಟ ಬೆಣ್ಣಿ ಹಾಕಿದ್ರ ಚಪ್ಪಲಿನೂ ಚಲೋ ಆಗ್ತೈತಿ.

ಮಾಬುಬಿ: ಹಂಗಾರ ಎರಡನೇದು ಯಾಕ ತರಿಸಿದಿ?

ಸಕ್ರವ್ವ: ದೋಸಿ ಕೆಟ್ಟೈತೋ, ನನ್ನ ಬಾಯಿ ಕೆಟ್ಟೈತೋ ನೋಡಬೇಕಲ್ಲ.

ಸಾಂಬಾರಿನಲ್ಲಿ ಬೆಲ್ಲವಿತ್ತು. ಇದನ್ನು ಅನ್ನಕ್ಕೆ ಹಾಕುತ್ತೀರೋ, ತೊಟ್ಟಿಲ ಕೂಸಿಗೆ ಕುಡಿಸುತ್ತೀರೋ ಎಂದು ಸಕ್ರವ್ವ ಬಡಿಸುವವನನ್ನು ವಿಚಾರಿಸಿದಳು. ಅವನು ನಕ್ಕು ಇನ್ನೊಂದು ಬಟ್ಟಲು ಸಾಂಬಾರು ಇಟ್ಟು ಹೋದ.

ಹಿಂದಿನ ದಿನವೂ ಹೀಗೇ ಕಳೆದಿತ್ತು. ಮಾಬುಬಿಯ ಮೊಮ್ಮಗಳು ಸಾಯಿಮಾ ಎಲ್ಲಿ ಏನು ತಿನ್ನಬೇಕೆಂದು ಹದಿನಾಲ್ಕು ಜಾಗಗಳ ಪಟ್ಟಿ ಮಾಡಿ ಫೋನಿನಲ್ಲಿ ಹಾಕಿಕೊಟ್ಟಿದ್ದಳು. ಸಕ್ರವ್ವನೋ, ತಿನ್ನಲಿಕ್ಕೇ ಹೊರಟ ಪ್ರವಾಸಕ್ಕೆ ನಲವತ್ತು ಕಡಕ್ ರೊಟ್ಟಿ ಮತ್ತು ಒಂದು ಚೀಲ ಶೇಂಗಾ ಚಟ್ನಿಪುಡಿಯ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಖಾರಾಬಾತಿನ ಮೇಲೆ ಚಟ್ನಿ ಉದುರಿಸಿದಳು, ಇಡ್ಲಿಯ ಮೇಲೆ ಉದುರಿಸಿದಳು. ಐಸ್‌ಕ್ರೀಮಿನತ್ತ ಹೊರಟಾಗ ಮಾಬುಬಿ ಕೈ ಹಿಡಿದುಕೊಂಡಳು.

ಈಗ ಮಾಬುಬಿ ಕನ್ನಡಕ ಏರಿಸಿ ಪಟ್ಟಿ ನೋಡಿದಳು. ಸಂಜೆ ಊರಿನ ಬಸ್ಸು. ಉಳಿದದ್ದರಲ್ಲಿ ಒಂದೇ ಜಾಗಕ್ಕೆ ಹೊತ್ತು ಸಾಲುತ್ತಿತ್ತು.

ಮಾಬುಬಿ: ಒಂಬತ್ತನೇದಕ್ಕ ಹೋಗೂಣು. ರೊಟ್ಟಿ ಊಟ. ಆಮ್ಯಾಲೆ ಡಬ್ಬಿ ಉಂಡಿ ಅಂತ ಕೊಡ್ತಾರಂತ, ಭಾಳ ಹೆಸರಾಗೇತಿ.

ಸಕ್ರವ್ವ: ಡಬ್ಬಿ ಅಂದ ಮ್ಯಾಲ ನೆಪ್ಪಾತು ನೋಡು—

ಮಾಬುಬಿ: ಬ್ಯಾಡ. ನಿನ್ನ ಕಾಲ ಬೀಳ್ತೇನಿ.

ಆದರೂ ಆಟೋದಲ್ಲಿ ಒಂದು ತಾಸು ಮಾಬುಬಿ ಅದನ್ನು ಕೇಳಬೇಕಾಯಿತು. ರಾಮಥಾಳದ ಮಾದೇವಿ ಎಂಬವಳು ಸಕ್ರವ್ವನ ಖಾನಾವಳಿಯಲ್ಲಿ ಆರು ವರ್ಷ ರೊಟ್ಟಿ ಬಡಿದವಳು. ಲಾರಿ ಓಡಿಸುವ ಗಂಡನ ಜೊತೆ ಬೆಂಗಳೂರಿಗೆ ಹೋಗುತ್ತೇನೆಂದಾಗ ಸಕ್ರವ್ವ ಸಿಟ್ಟಿನಿಂದ ಒಂದು ವಾರ ಮಾತು ಬಿಟ್ಟಳು. ಹೊರಡುವ ದಿನ ನಾಗರ ಪಂಚಮಿ. ಮಾತಾಡದೆಯೇ ಶೇಂಗಾ ಉಂಡಿ ಕಟ್ಟಿ, ತನ್ನ ಮದುವೆಯ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಬುತ್ತಿ ಕೊಟ್ಟಳು. ಮಾದೇವಿ ಹೋದಳು, ಡಬ್ಬಿಯೂ ಹೋಯಿತು. ಹನ್ನೊಂದು ವರ್ಷದಿಂದ ಈ ಕಥೆಯನ್ನು ಮಾಬುಬಿ ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ ಕೇಳುತ್ತ ಬಂದಿದ್ದಳು.

ಹೋಟೆಲಿನ ಹೊರಗೆ ಇಪ್ಪತ್ತು ಮಂದಿ ಸರದಿಯಲ್ಲಿದ್ದರು. ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೆಂಪು ವಸ್ತ್ರ ಹಾಸಿದ ಪೀಠ, ಪೀಠದ ಮೇಲೆ ಒಂದು ಹಳೆಯ ಸ್ಟೀಲ್ ಡಬ್ಬಿ, ಡಬ್ಬಿಗೆ ಒಂದು ಮೊಳ ಮಲ್ಲಿಗೆ. ಮುಚ್ಚಳದ ಮೇಲೆ ಕೊರೆದ ಅಕ್ಷರ ಬಾಗಿಲಿನಿಂದಲೇ ಕಾಣುತ್ತಿತ್ತು: ಸೌ. ಸಕ್ರವ್ವ, ಇಳಕಲ್ಲ.

ಸಕ್ರವ್ವ ಸರದಿ ಬಿಟ್ಟು ನೇರ ಗಲ್ಲೆಗೆ ನಡೆದಳು. ಅಲ್ಲಿ ಕೂತವನು ಬೆಂಗಳೂರು ಕಡೆಯ ನಡುವಯಸ್ಸಿನ ಮನುಷ್ಯ.

ಸಕ್ರವ್ವ: ಇದು ಯಾರ ಡಬ್ಬಿ?

ಗಲ್ಲೆಯವ: ನಮ್ಮ ಓನರ್‌ಗೆ ಅಡುಗೆ ಕಲಿಸಿದ ಗುರುಗಳದ್ದಮ್ಮ. ಬೆಳಿಗ್ಗೆ ಇದಕ್ಕೆ ಕೈ ಮುಗಿದೇ ಒಲೆ ಹಚ್ಚೋದು.

ಸಕ್ರವ್ವ: ಆ ಗುರುಗಳು ಈಗ ಎಲ್ಲದಾರ?

ಗಲ್ಲೆಯವ (ದನಿ ತಗ್ಗಿಸಿ): ಅವರು ಇಲ್ಲಮ್ಮ. ಅದಕ್ಕೇ ಹೂವು.

ಸಕ್ರವ್ವ: ಯಾವಾಗ ಹ್ವಾದ್ರು?

ಗಲ್ಲೆಯವ: ನಾನು ಕೆಲಸಕ್ಕೆ ಸೇರೋಕೆ ಮುಂಚೆನೇ ಇರಬೇಕು. ತುಂಬಾ ಶಾಂತ ಸ್ವಭಾವ ಅಂತೆ.

ಮಾಬುಬಿ: ಹಂಗಾರ ಇಕಿ ಅಲ್ಲ ಬಿಡು. ಬ್ಯಾರೆ ಯಾರೋ ಸಕ್ರವ್ವ.

ಸಕ್ರವ್ವ ಡಬ್ಬಿಯ ಮೇಲಿನ ಮಲ್ಲಿಗೆ ತೆಗೆದು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

ಗಲ್ಲೆಯವ: ಅಮ್ಮಾ, ಅದು ಪೂಜೆ ಹೂವು.

ಸಕ್ರವ್ವ: ನನಗ ಏರಿಸಿದ್ದ ಹೂ. ನಾನ ಮುಡೀತೇನಿ.

ಹೂವಿನ ನಂತರ ಡಬ್ಬಿಗೂ ಕೈ ಹಾಕಿದಳು. ಗಲ್ಲೆಯವ ಈ ಕಡೆಯಿಂದ ಹಿಡಿದುಕೊಂಡ, ಅವಳು ಆ ಕಡೆಯಿಂದ ಎಳೆದಳು. ಪೊಲೀಸರನ್ನು ಕರೆಯುವ ಮಾತು ಸರದಿಯೊಳಗಿಂದ ಬಂತು. ಸಕ್ರವ್ವ ಒಂದು ಕೈಯಲ್ಲಿ ಡಬ್ಬಿಯನ್ನು ಬಿಡದೆ, ಇನ್ನೊಂದು ಕೈಯಿಂದ ಸೊಂಟದ ಚೀಲ ಬಿಚ್ಚಿ ಆಧಾರ್ ಕಾರ್ಡನ್ನು ಅವನ ಮುಂದೆ ಇಟ್ಟಳು. ಅವನು ಕಾರ್ಡು ಓದಿದ, ಮುಚ್ಚಳ ಓದಿದ, ಮತ್ತೆ ಕಾರ್ಡು ಓದಿದ.

ಮಾಬುಬಿ: ಫೋಟೋದಾಗ ಸತ್ತಂಗ ಕಾಣ್ತಾಳ, ಖರೆ. ಆದ್ರ ಜೀವಂತ ಅದಾಳ. ನಿನ್ನೆಯಿಂದ ನಾ ಅನುಭವಿಸೇನಿ.

ಗಲ್ಲೆಯವ ಎದ್ದು ನಿಂತ. ಅವನು ನಿಂತದ್ದು ಕಂಡು ಸರದಿಯಲ್ಲಿದ್ದ ಇಬ್ಬರು ಮೊಬೈಲು ತೆಗೆದರು, ಮೂರನೆಯವನೊಬ್ಬ ಏನೆಂದು ತಿಳಿಯದೆಯೇ ಸಕ್ರವ್ವನ ಕಾಲಿಗೆ ನಮಸ್ಕಾರ ಮಾಡಿದ. ಗದ್ದಲಕ್ಕೆ ಒಳಗಿಂದ ಹೋಟೆಲಿನ ಒಡತಿ ಬಂದಳು, ಅದೇ ಮಾದೇವಿ. ಎರಡೂ ಕೈಗೆ ಹಿಟ್ಟು. ಸಕ್ರವ್ವನನ್ನು ನೋಡಿದವಳೇ ಗೋಡೆಗೆ ಆತು ನಿಂತಳು.

ಮಾದೇವಿ: ಅಕ್ಕಾರ, ಡಬ್ಬಿ ನಾ ಕದ್ದಿಲ್ರಿ.

ಸಕ್ರವ್ವ: ನಿನಗ ಬುತ್ತಿ ಕೊಟ್ಟಿದ್ದೆ. ಡಬ್ಬಿ ಕೊಟ್ಟಿರಲಿಲ್ಲ.

ಮಾದೇವಿ: ಖಾಲಿ ಡಬ್ಬಿ ಹ್ಯಾಂಗ ಕಳಸಲ್ರಿ? ನೀವ ಕಲಿಸಿದ್ದಲ್ರಿ.

ತುಂಬಿ ಬಂದ ಪಾತ್ರೆಯನ್ನು ನಮ್ಮ ಕಡೆ ಯಾರೂ ಬರಿದಾಗಿ ಮರಳಿಸುವುದಿಲ್ಲ.

ಸಕ್ರವ್ವ: ಒಂದ ಮುಷ್ಟಿ ಸಕ್ಕರಿ ಹಾಕಿ ಕಳಸಿದ್ರ ಆಗತಿತ್ತು.

ಮಾದೇವಿ: ನಿಮಗ? ಬರೇ ಸಕ್ಕರಿ?

ಮುಂದಿನದನ್ನು ಮಾದೇವಿ ತಲೆ ತಗ್ಗಿಸಿಕೊಂಡೇ ಹೇಳಿದಳು. ಬೆಂಗಳೂರಿಗೆ ಬಂದ ವರ್ಷವೇ ರೊಟ್ಟಿ ಊಟದ ಹೋಟೆಲು ಹಾಕಿದ ಅವಳು, ಪ್ರತಿ ವರ್ಷ ಪಂಚಮಿಗೆ ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬುತ್ತಿದ್ದಳು. ಕಳಿಸುವ ಮುಂಚೆ ಒಂದು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದಳು. ಅಕ್ಕನ ಕೈಯ ರುಚಿ ಬಂದಿಲ್ಲವೆನಿಸಿ, ಅಷ್ಟನ್ನೂ ಊಟಕ್ಕೆ ಬಂದವರಿಗೆ ಹಂಚಿಬಿಡುತ್ತಿದ್ದಳು. ತಿಂದವರು ಮತ್ತೆ ಕೇಳಿಕೊಂಡು ಬಂದರು. ಅಲ್ಲಿಂದ ಡಬ್ಬಿ ಉಂಡಿಗೆ ಹೆಸರಾಯಿತು. ಹನ್ನೊಂದು ಪಂಚಮಿ ಹೀಗೇ ಕಳೆದವು.

ಸಕ್ರವ್ವ: ಅಂದ್ರ ಹನ್ನೊಂದ ವರ್ಷ ಇಷ್ಟೂ ಮಂದಿಗೆ ಕೆಟ್ಟ ಉಂಡಿ ತಿನ್ನಿಸಿದಿ.

ಸರದಿಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಗಲ್ಲೆಯವನು ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಸಕ್ರವ್ವನನ್ನು ಬೇಡಿಕೊಂಡ. ಮಾಬುಬಿ ಮಾತ್ರ ಕುರ್ಚಿ ಎಳೆದುಕೊಂಡು ಕೂತು, ರುಚಿ ನೋಡದೆ ಊರ ಮಂದಿಯ ಎದುರು ತೀರ್ಪು ಕೊಡುವುದು ಯಾವ ನ್ಯಾಯವೆಂದು ಕೇಳಿದಳು. ಮಾದೇವಿ ಉಂಡಿಯ ತಟ್ಟೆ ತಂದು ಮುಂದಿಟ್ಟಳು.

ಸಕ್ರವ್ವ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ನಿಧಾನ ಅಗಿದಳು.

ಸಕ್ರವ್ವ: ಯಾಲಕ್ಕಿ ಕಡಿಮಿ.

ಮಾದೇವಿ: ಹೌದ್ರಿ.

ಎರಡನೆಯದನ್ನು ತೆಗೆದುಕೊಂಡಳು.

ಸಕ್ರವ್ವ: ಪಾಕ ಒಂದ ಎಳಿ ಏರೇತಿ.

ಮಾದೇವಿ: ಹೌದ್ರಿ ಅಕ್ಕಾರ.

ಮೂರನೆಯದಕ್ಕೆ ಕೈ ಹೋಯಿತು. ಈ ಸಲ ಮುರಿಯದೆ ಇಡಿಯಾಗಿ ಬಾಯಿಗೆ ಹಾಕಿಕೊಂಡಳು.

ಮಾಬುಬಿ: ಮೂರಾತು. ಉಂಡಿ ಕೆಟ್ಟೈತೋ, ಬಾಯಿ ಕೆಟ್ಟೈತೋ?

ಸಕ್ರವ್ವ ಡಬ್ಬಿಯ ಮುಚ್ಚಳ ತೆಗೆದು ಮಾದೇವಿಯ ಮುಂದೆ ಸರಿಸಿದಳು.

ಸಕ್ರವ್ವ: ತುಂಬು.

ಮಾದೇವಿ ತುಂಬಿದಳು. ಕಣ್ಣು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.

ರೊಟ್ಟಿ ಊಟವೂ ಆಯಿತು. ಬದನೆಕಾಯಿ ಎಣ್ಣೆಗಾಯಿಗೆ ಸಕ್ರವ್ವ ಚಟ್ನಿ ಉದುರಿಸಲಿಲ್ಲ. ಅದನ್ನು ಮಾಬುಬಿ ಗಮನಿಸಿದಳು. ಸಕ್ರವ್ವ ಡಬ್ಬಿ ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಿದ ಮೇಲೆ ಮಾಬುಬಿ ಗುಟ್ಟು ಬಿಚ್ಚಿದಳು.

ಮಾಬುಬಿ: ಹದಿಮೂರು ಜಾಗ ಸಾಯಿಮಾ ಬರದಿದ್ದು. ಒಂಬತ್ತನೇದು ನಾ ಬರಸಿದ್ದು. ಇಲ್ಲಿಂದ ನನ್ನ ಅಂಗಡಿಗೆ ಸೀರಿ ಕೊಳ್ಳಾಕ ಬಂದವರು ಯಾರೋ ಹೇಳಿದ್ರು, ನಿನ್ನ ಹೆಸರಿನ ಡಬ್ಬಿ ಇಲ್ಲೈತಿ ಅಂತ. ನಿನ್ನ ಪುರಾಣ ಕೇಳಿ ಕೇಳಿ ನನ್ನ ಕಿವಿ ಸೋತಾವ. ಇವತ್ತಿಗೆ ಮುಗೀತು.

ಸಕ್ರವ್ವ ಆಟೋ ತಿರುಗುವಷ್ಟರಲ್ಲಿ ನಿಲ್ಲಿಸೆಂದಳು. ಡಬ್ಬಿಯ ಉಂಡಿಗಳನ್ನೆಲ್ಲ ಮಾಬುಬಿಯ ಕೈಚೀಲಕ್ಕೆ ಸುರಿದು, ಕೆಳಗಿಳಿದು, ಹೋಟೆಲಿನೊಳಗೆ ಹೋದಳು. ಗಲ್ಲೆಯವ ಮತ್ತೆ ಎದ್ದು ನಿಂತ. ಅವಳು ಬುತ್ತಿಯ ಚೀಲ ಬಿಚ್ಚಿ, ಉಳಿದಿದ್ದ ಶೇಂಗಾ ಚಟ್ನಿಯನ್ನು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಕೆಂಪು ವಸ್ತ್ರದ ಮೇಲೆ ಮೊದಲಿದ್ದ ಜಾಗದಲ್ಲಿಟ್ಟಳು.

ಗಲ್ಲೆಯವ: ಡಬ್ಬಿ ಬೇಡ್ವಾಮ್ಮ?

ಸಕ್ರವ್ವ: ಬೇಕು. ಚಟ್ನಿ ತೀರಿದ ಮ್ಯಾಲ ತುಂಬಿಸಿಕೊಂಡು ಅಕೀನ ಇಳಕಲ್ಲಕ್ಕ ಬರಬೇಕು ಅಂತ ಹೇಳು. ಯಾರ ಕೈಯಾಗರ ಕೊಟ್ಟು ಕಳಿಸಿದ್ರ ನಾ ತಗೊಳ್ಳೂದಿಲ್ಲ.

ಸಕ್ರವ್ವ ಮರಳಿ ಆಟೋ ಹತ್ತಿದಾಗ, ಒಳಗೆ ಕೂತು ಇದೆಲ್ಲವನ್ನೂ ನೋಡಿದ ಮಾಬುಬಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

ಮಾಬುಬಿ: ಈ ಡಬ್ಬಿ ಪುರಾಣ ಇನ್ನಾ ಎಷ್ಟ ವರ್ಷ ಕೇಳಬೇಕಲೇ ನಾ?

ಸಕ್ರವ್ವ ಅವಳ ಚೀಲದಿಂದ ಒಂದು ಉಂಡಿ ತೆಗೆದು ಅವಳ ಬಾಯಿಗಿಟ್ಟು, ಆಟೋ ಹೊರಡಿಸಿದಳು. ಹೂವನ್ನು ಮಾತ್ರ ಮರಳಿಸಿರಲಿಲ್ಲ.