ನೀರು ಸುಧಾರಣಾ ಸಮಿತಿ ಅಧ್ಯಕ್ಷರ ವಿದೇಶ ಪ್ರವಾಸ

ಈ ವೃತ್ತಾಂತವನ್ನು ನನಗೆ ಮೊದಲು ಹೇಳಿದವರು ಚಿಕ್ಕಯ್ಯನಛತ್ರದ ಮರಿಯಯ್ಯನವರು. ಅವರು ಸೋಮವಾರ ಸುಳ್ಳು ಹೇಳುವುದಿಲ್ಲ. ಇದನ್ನು ಹೇಳಿದ್ದು ಸೋಮವಾರ.

೨೦೦೩ರ ಜನವರಿಯಲ್ಲಿ ಕುಡಿಯುವ ನೀರು ಸುಧಾರಣಾ ಸಮಿತಿಯ ಅಧ್ಯಕ್ಷರಾದ ಹೆಮ್ಮರಗಾಲದ ದೊಡ್ಡಸಿದ್ದಯ್ಯನವರನ್ನು ನೀರು ಸರಬರಾಜಿನ ಅಧ್ಯಯನಕ್ಕಾಗಿ ವಿದೇಶದ ಮಹಾನಗರವೊಂದಕ್ಕೆ ಕಳುಹಿಸಲಾಯಿತು. ಆದೇಶದಲ್ಲಿ ನಗರದ ಹೆಸರಿನ ಮೇಲೆಯೇ ಮೊಹರು ಬಿದ್ದಿದ್ದರಿಂದ ಅದು ಯಾವುದೆಂದು ಯಾರಿಗೂ ಓದಲಾಗಲಿಲ್ಲ. ಜೊತೆಗೆ ಸಮಿತಿಯ ಕಾರ್ಯದರ್ಶಿ ನಾಗೇಂದ್ರ ಹೋದರು.

ವಿಮಾನ ಇಳಿದು ಹತ್ತಿದ ಬಸ್ಸು ಎರಡು ಗಂಟೆ ಓಡಿದರೂ ಆ ಊರು ಮುಗಿಯಲಿಲ್ಲ. ದೊಡ್ಡಸಿದ್ದಯ್ಯನವರು ಕೈಮುಗಿದರು. ರಸ್ತೆಯ ಬಲಕ್ಕೆ ಐವತ್ತು ಅಂತಸ್ತಿನ ಹೋಟೆಲು. ಅದರ ಮುಂದೆ ನೀರು ಹಗಲಿಡೀ ಮೇಲಕ್ಕೆ ಹಾರಿ, ಯಾರಿಗೂ ಉಪಯೋಗವಿಲ್ಲದೆ ಕೆಳಗೆ ಬೀಳುತ್ತಿತ್ತು. ಎಡಕ್ಕೆ ತಗಡಿನ ಜೋಪಡಿಗಳು. ಒಂದು ನಲ್ಲಿಗೆ ಮುನ್ನೂರು ಬಿಂದಿಗೆ.

“ನಾಗೇಂದ್ರಪ್ಪ, ಎಡಗಡೆದೂ ಇದೇ ಊರಾ?”

“ಗೊತ್ತಿಲ್ಲ ಅಧ್ಯಕ್ಷರೇ. ನಮ್ ಪ್ರೋಗ್ರಾಮಲ್ಲಿ ಬಲಗಡೆ ಮಾತ್ರ ಅದೆ.”

ಬೆಳಿಗ್ಗೆ ಹೋಟೆಲಿನಲ್ಲಿ ನಲವತ್ತು ಬಗೆ ತಿಂಡಿ ಇಟ್ಟಿದ್ದರು. ದೊಡ್ಡಸಿದ್ದಯ್ಯನವರ ಮನೆತನದ ಪದ್ಧತಿಯೆಂದರೆ, ಲಿಂಗಪೂಜೆ ಮುಗಿಸಿ ಬೀದಿಗೆ ಬಂದು, ಹಸಿದವರೊಬ್ಬರನ್ನು ಕರೆದು, ಅವರು ಉಂಡ ಮೇಲೆಯೇ ತಾವು ಉಣ್ಣುವುದು. ಅದರಂತೆ ರಸ್ತೆ ದಾಟಿ, ಬಿಂದಿಗೆ ಸಾಲಿನಲ್ಲಿದ್ದ ಒಬ್ಬಂಟಿಗನನ್ನು ಕೈಹಿಡಿದು ಕರೆತಂದರು. ಬೂಟಿಲ್ಲದವರಿಗೆ ಪ್ರವೇಶವಿಲ್ಲವೆಂದು ಕಾವಲುಗಾರ ತಡೆದ. ಅವರು ತಮ್ಮ ಬೂಟು, ಕೋಟು, ಕೊರಳಿನ ಗುರುತಿನ ಚೀಟಿ ಎಲ್ಲವನ್ನೂ ಅತಿಥಿಗೆ ತೊಡಿಸಿದರು. ಅತಿಥಿ ಒಳಗೆ ಹೋದ. ಬರಿಗಾಲಿನ ದೊಡ್ಡಸಿದ್ದಯ್ಯನವರು ಹೊರಗೆ ಉಳಿದರು.

ನಾಗೇಂದ್ರ ಗಾಜಿನ ಬಾಗಿಲಿಗೆ ಬಂದರು.

“ನನ್ನ ಒಳಕ್ಕೆ ಬುಡ್ಸಪ್ಪ.”

“ಹಾಜರಿ ಆಗೋಯ್ತು ಯಜಮಾನ್ರೇ. ನಿಯಮ ಏಳರ ಪ್ರಕಾರ ಚೀಟಿ ಎಲ್ಲದೋ ಅಧ್ಯಕ್ಷರು ಅಲ್ಲಿ.”

“ಮತ್ತೆ ನಾನ್ಯಾರ್ಲಾ?”

“ಅದು ಈ ಪ್ರವಾಸದ ವಿಷಯ ಅಲ್ಲ.”

ಅತಿಥಿ ಮೂರು ದಿನ ಎಲ್ಲ ಸಭೆಗಳಲ್ಲೂ ಮೌನವಾಗಿ ತಲೆಯಾಡಿಸಿ ಪ್ರಶಂಸಾಪತ್ರ ಪಡೆದ. ವಿಮಾನ ನಿಲ್ದಾಣದಲ್ಲೂ ತೊಂದರೆಯಾಗಲಿಲ್ಲ. ಕೋಟಿನ ಜೇಬಿನಲ್ಲೇ ಇದ್ದ ಪಾಸ್‌ಪೋರ್ಟಿನ ಫೋಟೋ ಇಬ್ಬರಲ್ಲಿ ಯಾರನ್ನೂ ಹೋಲುತ್ತಿರಲಿಲ್ಲ. ಹೋದವರು ಇಬ್ಬರು, ಬಂದವರು ಇಬ್ಬರು. ಕಡತ ತಾಳೆಯಾಯಿತು.

ಹೊಸ ಅಧ್ಯಕ್ಷರಿಗೆ ಕನ್ನಡ ಬರುತ್ತಿರಲಿಲ್ಲ; ಕೆಟ್ಟ ನಲ್ಲಿ ಕಂಡರೆ ಸುಮ್ಮನಿರಲೂ ಬರುತ್ತಿರಲಿಲ್ಲ. ಒಂದೇ ವಾರದಲ್ಲಿ ಐದು ನಲ್ಲಿಗಳನ್ನು ತಾವೇ ಕೂತು ರಿಪೇರಿ ಮಾಡಿದರು. ಸಮಿತಿಯ ಹದಿನೆಂಟು ವರ್ಷಗಳಲ್ಲಿ ಹೀಗಾದದ್ದಿಲ್ಲವೆಂದು ಸದಸ್ಯರು ಆತಂಕ ವ್ಯಕ್ತಪಡಿಸಿದರು.

ಅಷ್ಟರಲ್ಲಿ ದೊಡ್ಡಸಿದ್ದಯ್ಯನವರ ಮಡದಿ ಜವರಮ್ಮನವರಿಗೆ ಕಾಗದ ಬಂತು: “ಜೋಪಡಿಯವರು ಗಂಜಿ ಕೊಡುತ್ತಾರೆ. ಬಹಳ ಒಳ್ಳೆಯ ಜನ. ಆದರೆ ನಾನು ಮನೆಗೆ ಬರಬೇಕು.” ಅವರು ಕಾಗದ ಹಿಡಿದು ನೇರ ಸಮಿತಿ ಕಚೇರಿಗೆ ಹೋದರು.

“ಎಲ್ಲಪ್ಪಾ ನಮ್ ಯಜಮಾನ್ರು?”

ನಾಗೇಂದ್ರ ಕುರ್ಚಿಯತ್ತ ಕೈ ತೋರಿಸಿದರು.

“ಇವ್ನು ನನ್ ತಮ್ಮನಂಗವ್ನೆ! ನಲ್ಲಿ ಚೆಂದಾಗಿ ಮಾಡವ್ನೆ, ಇರ್ಲಿ ಬುಡು. ನಮ್ಮೋರ ಕರ್ಸು.”

“ದಾಖಲೆ ಪ್ರಕಾರ ಅವರು ಆಗ್ಲೇ ಬಂದವ್ರೆ ಕಣಮ್ಮ. ಬಂದೋರ್ನ ಕರ್ಸೋ ಫಾರಂ ಇಲ್ಲ. ವಿದೇಶದೋರು ನಮ್ಮೂರ ನೋಡಕ್ಕೆ ಬರೋ ಫಾರಂ ಬೇಕಾದ್ರೆ ಅದೆ.”

“ಅಂಗಾದ್ರೆ ಅದ್ರಲ್ಲೇ ಕರ್ಸು!”

ಹೊಸ ಅಧ್ಯಕ್ಷರು ಫಾರಂಗೆ ಸಹಿ ಹಾಕಿದರು. ಜೋಪಡಿಯವರು ದೊಡ್ಡಸಿದ್ದಯ್ಯನವರನ್ನೇ ತಮ್ಮ ನಲ್ಲಿಯ ಪ್ರತಿನಿಧಿಯಾಗಿ ಆರಿಸಿ ಕಳುಹಿಸಿಕೊಟ್ಟರು. ಹೆಮ್ಮರಗಾಲದ ಬಸ್‌ಸ್ಟಾಪಿನಲ್ಲಿ ಹಾರ ಹಾಕಿ, ಊರಿನ ಬಗ್ಗೆ ಪ್ರಥಮ ಅನಿಸಿಕೆ ಬರೆಯಲು ಅವರ ಕೈಗೆ ಪುಸ್ತಕ ಕೊಡಲಾಯಿತು. ಅವರು ಬಹಳ ಹೊತ್ತು ಯೋಚಿಸಿ ಬರೆದರು: “ಊರು ಚೆನ್ನಾಗಿದೆ. ನಲ್ಲಿಯಲ್ಲಿ ನೀರು ಬರುತ್ತಿರುವುದು ನನಗೆ ಹೊಸದು.”

ಅತಿಥಿಗಳ ವಸತಿ ಎಲ್ಲಿ ಎಂಬ ಚರ್ಚೆ ಎದ್ದಿತು.

“ನಮ್ಮನೇಲೇ ಇರ್ಲಿ. ವಿದೇಶದೋರ್ಗೆ ಮುದ್ದೆ ನುಂಗಕ್ಕೆ ಬತ್ತದಾ ನೋಡ್ತೀನಿ” ಎಂದರು ಜವರಮ್ಮ, ಸೆರಗಿನಲ್ಲಿ ಕಣ್ಣೊರಸಿಕೊಂಡು ನಗುತ್ತ.

ಸಭೆ ಸರ್ವಾನುಮತದಿಂದ ಒಪ್ಪಿತು. ಅಂದಿನಿಂದ ದೊಡ್ಡಸಿದ್ದಯ್ಯನವರು ಸ್ವಂತ ಮನೆಯಲ್ಲಿ ವಿದೇಶಿ ಅತಿಥಿಯಾಗಿ ಸುಖವಾಗಿದ್ದಾರೆ. ಪ್ರತಿ ಯುಗಾದಿಗೆ ಅಧ್ಯಕ್ಷರು ಅವರ ವಾಸ್ತವ್ಯವನ್ನು ಇನ್ನೊಂದು ವರ್ಷ ವಿಸ್ತರಿಸುತ್ತಾರೆ.

ಓದಿದವರು ದಯಮಾಡಿ ಇದನ್ನು ಟಿ. ನರಸೀಪುರದ ಕಡೆಗೂ ಮುಟ್ಟಿಸಬೇಕು. ಅಲ್ಲಿನ ಹೆಮ್ಮಿಗೆ ಊರಿನವರು ತಮ್ಮ ಅಧ್ಯಕ್ಷರನ್ನು ಯಾವ ದೇಶಕ್ಕೆ ಕಳುಹಿಸಿದರೆ ಊರಿಗೆ ಒಳ್ಳೆಯದೆಂದು ವಿಚಾರಿಸುತ್ತಿದ್ದಾರಂತೆ.